ಆ ಕೋಣೆ ಎಲ್ಲಿದೆ?

2020ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ವರ್ಚುವಲ್ ರಿಯಾಲಿಟಿ (ವಿಆರ್) ಸಂಶೋಧಕರ ಸಮ್ಮೇಳನ ನಡೆಯಬೇಕಿತ್ತು. ಐಇಇಇ ಸಂಸ್ಥೆ ಪ್ರತಿವರ್ಷ ನಡೆಸುವ ಸಮ್ಮೇಳನ ಅದು. ಅಷ್ಟರಲ್ಲಿ ಕೋವಿಡ್ ಬಂತು, ಪ್ರಯಾಣ ನಿಂತಿತು. ಜನ ತಂತಮ್ಮ ಮನೆಯಲ್ಲೇ ಕೂತು ಒಂದೆಡೆ ಸೇರುವ ಕಾಲ ಬರುತ್ತದೆಂದು ವರ್ಷಗಟ್ಟಲೆ ಪ್ರಬಂಧ ಬರೆದವರಿಗೆ ಆ ಕಾಲ ಹೇಳದೆ ಕೇಳದೆ ಬಂದುಬಿಟ್ಟಿತ್ತು. ಭಾಷಣಗಳನ್ನು ವಿಡಿಯೊದಲ್ಲಿ ಬಿತ್ತರಿಸಿದರು. ಆದರೆ ಸಮ್ಮೇಳನದ ಸ್ವಾರಸ್ಯ ಇರುವುದು ಭಾಷಣದಲ್ಲಿ ಅಲ್ಲವಲ್ಲ, ಕಾಫಿ ಹೊತ್ತಿನ ಹರಟೆಯಲ್ಲಿ. ಅದಕ್ಕೆಂದು ಮೊಜಿಲ್ಲಾ ಸಂಸ್ಥೆಯ ‘ಹಬ್ಸ್’ನಲ್ಲಿ ಕೋಣೆಗಳನ್ನು ತೆರೆದರು. ಯಾವ ಆ್ಯಪ್ ಇಳಿಸಿಕೊಳ್ಳುವುದೂ ಬೇಡ. ಲಿಂಕ್ ಒತ್ತಿದರೆ ಬ್ರೌಸರಿನೊಳಗೇ ಮೂರು ಆಯಾಮದ ಕೋಣೆ ತೆರೆದುಕೊಳ್ಳುತ್ತಿತ್ತು. ಹೆಡ್‌ಸೆಟ್ ಇದ್ದವರು ತಲೆ ತಿರುಗಿಸಿ ಸುತ್ತ ನೋಡಬಹುದು, ಇಲ್ಲದವರು ಲ್ಯಾಪ್‌ಟಾಪಿನ ಕೀಲಿ ಒತ್ತಿ ಓಡಾಡಬಹುದು. ಹತ್ತಿರ ನಿಂತವರ ಮಾತು ಜೋರಾಗಿ ಕೇಳುತ್ತಿತ್ತು, ಮೂಲೆಯವರದು ಮೆಲ್ಲಗೆ.

ಒಂದೇ ತೊಡಕು. ಒಂದು ಕೋಣೆಗೆ ಹಿಡಿಸುತ್ತಿದ್ದದ್ದು ಸುಮಾರು ಇಪ್ಪತ್ತೈದು ಜನ. ಇನ್ನಷ್ಟು ಜನ ನುಗ್ಗಿದರೆ ಕೋಣೆ ಮುಗ್ಗರಿಸುತ್ತಿತ್ತು.

ಲಕ್ಷಾಂತರ ಸಂದೇಶ ಸಾಗಿಸುವ ಅಂತರ್ಜಾಲಕ್ಕೆ ಇಪ್ಪತ್ತೈದು ಜನರನ್ನು ಒಂದು ಕೋಣೆಯಲ್ಲಿ ನಿಲ್ಲಿಸುವುದು ಯಾಕೆ ಇಷ್ಟು ಭಾರ? ಉತ್ತರ ಹುಡುಕುವ ಮೊದಲು ಇನ್ನೊಂದು ಪ್ರಶ್ನೆ ಕೇಳಿಕೊಳ್ಳಬೇಕು: ಆ ಕೋಣೆ ಇರುವುದೆಲ್ಲಿ? ಯಾವುದೋ ದೂರದ ಕಂಪ್ಯೂಟರಿನಲ್ಲಿ ಕೋಣೆಯೊಂದಿದೆ, ನಾವೆಲ್ಲ ಕಿಟಕಿಯಿಂದ ಅದರೊಳಗೆ ಇಣುಕುತ್ತಿದ್ದೇವೆ ಎಂದು ಅನಿಸುವುದು ಸಹಜ. ಹಾಗಿಲ್ಲ. ಇಪ್ಪತ್ತೈದು ಜನ ಸೇರಿದ್ದರೆ ಇಪ್ಪತ್ತೈದು ಕೋಣೆಗಳಿವೆ. ಪ್ರತಿಯೊಬ್ಬರ ಯಂತ್ರವೂ ತನ್ನದೇ ಕೋಣೆ ಕಟ್ಟಿ, ಉಳಿದ ಇಪ್ಪತ್ನಾಲ್ಕು ಜನರ ಗೊಂಬೆಗಳನ್ನು ಅದರಲ್ಲಿ ಕುಣಿಸುತ್ತಿರುತ್ತದೆ. ಈ ಕೋಣೆಗಳು ಒಂದೇ ಎಂದು ಎಲ್ಲರನ್ನೂ ನಂಬಿಸುವುದೇ ಇಡೀ ಕಸುಬು. ನಂಬಿಸುವುದು ಎಂದೆ, ಯಾಕೆಂದರೆ ಅವು ಯಾವ ಕ್ಷಣದಲ್ಲೂ ನಿಜವಾಗಿ ಒಂದೇ ಆಗಿರುವುದಿಲ್ಲ.

*

ಒಬ್ಬರೇ ನೋಡುವ ವಿಆರ್ ದೃಶ್ಯ ಕಟ್ಟುವುದು ಈಗ ಕಾಲೇಜು ಹುಡುಗರ ಕೈಗೂ ಎಟುಕುವ ಕೆಲಸ. ಬ್ರೌಸರಿನಿಂದಲೇ ಗ್ರಾಫಿಕ್ಸ್ ಚಿಪ್ಪನ್ನು ದುಡಿಸುವ ವೆಬ್‌ಜಿಎಲ್ 2011ರಲ್ಲಿ ಬಂತು. ಹೆಡ್‌ಸೆಟ್ಟನ್ನು ಬ್ರೌಸರಿಗೆ ಜೋಡಿಸುವ ‘ವೆಬ್‌ವಿಆರ್’ ಪ್ರಯೋಗವನ್ನು ಮೊಜಿಲ್ಲಾದವರು 2014ರಲ್ಲಿ ಶುರುಮಾಡಿದರು. ಅದರ ಜಾಗದಲ್ಲಿ ಈಗಿರುವುದು ವೆಬ್‌ಎಕ್ಸ್‌ಆರ್. 2015ರ ಡಿಸೆಂಬರಿನಲ್ಲಿ ಅದೇ ತಂಡ ‘ಎ-ಫ್ರೇಮ್’ ಬಿಡುಗಡೆ ಮಾಡಿತು. ಜಾಲತಾಣದ ಪುಟ ಬರೆಯುವ ಎಚ್‌ಟಿಎಂಎಲ್ ಗೊತ್ತಿದ್ದವರಿಗೆ ಇದು ವರದಾನ. ಪ್ಯಾರಾ, ಚಿತ್ರಗಳಿಗೆ ಟ್ಯಾಗ್ ಬರೆದ ಹಾಗೆಯೇ ಪೆಟ್ಟಿಗೆಗೊಂದು, ಗೋಳಕ್ಕೊಂದು, ಆಕಾಶಕ್ಕೊಂದು ಟ್ಯಾಗ್. ಹತ್ತು ಸಾಲು ಬರೆದರೆ ನೀಲಿ ಆಕಾಶದ ಕೆಳಗೆ ಕೆಂಪು ಪೆಟ್ಟಿಗೆ ನಿಂತಿರುತ್ತದೆ, ಸುತ್ತ ನಡೆದಾಡಬಹುದು.

ಎರಡನೆಯ ವ್ಯಕ್ತಿ ಒಳಗೆ ಕಾಲಿಟ್ಟ ಕೂಡಲೇ ಲೆಕ್ಕವೆಲ್ಲ ಬದಲಾಗುತ್ತದೆ. ಎ-ಫ್ರೇಮ್ ದೃಶ್ಯಗಳಿಗೆ ಈ ಎರಡನೆಯವರನ್ನು ತರುವ ಮುಕ್ತ ತಂತ್ರಾಂಶಕ್ಕೆ ‘ನೆಟ್‌ವರ್ಕ್ಡ್ ಎ-ಫ್ರೇಮ್’ ಎಂದು ಹೆಸರು. ಹಬ್ಸ್ ಕಟ್ಟಿದ್ದೂ ಇದರ ಮೇಲೆಯೇ. ಇದರ ಕೋಡ್ ಎಲ್ಲರಿಗೂ ತೆರೆದಿರುವುದರಿಂದ ಒಳಗೆ ಏನು ನಡೆಯುತ್ತದೆಂದು ಸಾಲುಸಾಲಾಗಿ ಓದಬಹುದು. ಈ ಅಧ್ಯಾಯದಲ್ಲಿ ಹೇಳುವ ಹಲವು ಸಂಗತಿಗಳು ಅಲ್ಲಿ ಕಾಣಸಿಗುವಂಥವೇ.

ಮೊದಲು, ಕಳಿಸುವುದು ಏನನ್ನು? ಚಿತ್ರವನ್ನೇ ಕಳಿಸೋಣ ಎಂದುಕೊಳ್ಳಿ. ಕ್ವೆಸ್ಟ್ 2 ಹೆಡ್‌ಸೆಟ್ಟಿನಲ್ಲಿ ಒಂದೊಂದು ಕಣ್ಣಿಗೆ 1832 ಅಡ್ಡ, 1920 ಉದ್ದದ ಚುಕ್ಕಿಗಳ ಪರದೆ. ಎರಡು ಕಣ್ಣಿಗೆ ಸುಮಾರು 70 ಲಕ್ಷ ಚುಕ್ಕಿ. ಪ್ರತಿ ಚುಕ್ಕಿಗೆ ಬಣ್ಣದ ಮೂರು ಬೈಟ್. ಸೆಕೆಂಡಿಗೆ 90 ಚಿತ್ರ. ಗುಣಿಸಿದರೆ ಸೆಕೆಂಡಿಗೆ ಸುಮಾರು 190 ಕೋಟಿ ಬೈಟ್. ಎಷ್ಟು ಹಿಂಡಿ ಒತ್ತಿದರೂ ಮನೆಯ ವೈಫೈ ಇದನ್ನು ಇಪ್ಪತ್ತೈದು ಜನರಿಗೆ ಹಂಚಲಾರದು.

ಆದ್ದರಿಂದ ಚಿತ್ರ ಹೋಗುವುದೇ ಇಲ್ಲ. ಗೋಡೆ, ಕುರ್ಚಿ, ಗೊಂಬೆಗಳ ಆಕಾರ ಎಲ್ಲವೂ ಮೊದಲ ಸಲ ಪುಟ ತೆರೆದಾಗಲೇ ಪ್ರತಿಯೊಬ್ಬರ ಯಂತ್ರಕ್ಕೂ ಇಳಿದಿರುತ್ತವೆ. ಆಮೇಲೆ ಓಡಾಡುವುದು ಬರೀ ಸಂಖ್ಯೆಗಳು. ತಲೆ ಎಲ್ಲಿದೆ ಎನ್ನಲು ಮೂರು ಸಂಖ್ಯೆ ಸಾಕು: ಎಡಬಲ, ಮೇಲೆಕೆಳಗೆ, ಹಿಂದೆಮುಂದೆ. ಯಾವ ಕಡೆ ತಿರುಗಿದೆ ಎನ್ನಲು ನಾಲ್ಕು. ಮೂರೇ ಕೋನಗಳಲ್ಲಿ ಹೇಳಬಹುದಲ್ಲ ಎಂದರೆ, ಹೇಳಬಹುದು. ಆದರೆ ಕೆಲವು ಭಂಗಿಗಳಲ್ಲಿ ಕೋನಗಳು ಒಂದಕ್ಕೊಂದು ಸಿಕ್ಕಿಕೊಂಡು ಗೊಂಬೆಯ ಕತ್ತು ತಿರುಚಿಕೊಳ್ಳುತ್ತದೆ. 1843ರಲ್ಲಿ ಐರ್ಲೆಂಡಿನ ಗಣಿತಜ್ಞ ವಿಲಿಯಂ ರೋವನ್ ಹ್ಯಾಮಿಲ್ಟನ್ ಡಬ್ಲಿನ್ನಿನ ಕಾಲುವೆ ದಂಡೆಯಲ್ಲಿ ನಡೆಯುತ್ತಿದ್ದಾಗ ಹೊಳೆದು, ಸೇತುವೆಯ ಕಲ್ಲಿನ ಮೇಲೆ ಗೀಚಿಟ್ಟ ‘ಕ್ವಾಟರ್ನಿಯನ್’ ಎಂಬ ನಾಲ್ಕು ಸಂಖ್ಯೆಗಳ ಕೂಟ ಈ ತೊಂದರೆ ತಪ್ಪಿಸುತ್ತದೆ. ಏತಕ್ಕೆ ಬೇಕಿದು ಎಂದು ಅವರ ಕಾಲದಲ್ಲೇ ಕೇಳಿದವರಿದ್ದರು. ಇವತ್ತು ಹೆಡ್‌ಸೆಟ್ ಹಾಕಿದ ಪ್ರತಿ ತಲೆಯೂ ಆ ಸಮೀಕರಣದಲ್ಲೇ ತಿರುಗುತ್ತಿದೆ.

ಒಟ್ಟು ಏಳು ಸಂಖ್ಯೆ, ಒಂದೊಂದಕ್ಕೆ ನಾಲ್ಕು ಬೈಟ್: 28. ತಲೆ, ಎಡಗೈ, ಬಲಗೈ ಸೇರಿ 84 ಬೈಟ್. ಒಬ್ಬ ಮನುಷ್ಯನ ಇರವು ಅಷ್ಟರಲ್ಲಿ ಮುಗಿಯಿತು. ಸಂಖ್ಯೆಗಳನ್ನು ಅಕ್ಷರರೂಪದಲ್ಲಿ ಬರೆದು ಕಳಿಸಿದರೆ ಇದು ಕೆಲವು ಪಟ್ಟು ಹಿಗ್ಗುತ್ತದೆ, ಆದರೂ ಚಿತ್ರದ ಮುಂದೆ ಏನೂ ಅಲ್ಲ. ಅದರಲ್ಲೂ ಉಳಿತಾಯ ಸಾಧ್ಯ: ಜಾಗ ಒಂದು ಮಿಲಿಮೀಟರಿಗಿಂತ ಹೆಚ್ಚು ಬದಲಾದರೆ ಮಾತ್ರ, ತಿರುವು ಅರ್ಧ ಡಿಗ್ರಿ ದಾಟಿದರೆ ಮಾತ್ರ ಕಳಿಸು ಎಂದು ತಾಕೀತು ಮಾಡಬಹುದು. ಸುಮ್ಮನೆ ಕೂತವರ ಕಡೆಯಿಂದ ಆಗ ಹೆಚ್ಚೇನೂ ಹೊರಡುವುದಿಲ್ಲ.

*

ಇನ್ನು ಎಷ್ಟು ಸಲ ಕಳಿಸುವುದು? ನೆಟ್‌ವರ್ಕ್ಡ್ ಎ-ಫ್ರೇಮ್ ನೀವೇನೂ ಹೇಳದಿದ್ದರೆ ಸೆಕೆಂಡಿಗೆ 15 ಸಲ ಕಳಿಸುತ್ತದೆ. ಹೆಡ್‌ಸೆಟ್ ಸೆಕೆಂಡಿಗೆ 90 ಚಿತ್ರ ತೋರಿಸುತ್ತದೆ. ಅಂದರೆ ಎದುರಿಗಿರುವ ಗೆಳೆಯನ ಕೈ ಬೀಸುವುದನ್ನು ನೀವು ನೋಡುವಾಗ ಆರು ಚಿತ್ರಗಳಲ್ಲಿ ಒಂದಕ್ಕೆ ಮಾತ್ರ ಸುದ್ದಿ ಬಂದಿರುತ್ತದೆ. ಉಳಿದ ಐದು ನಿಮ್ಮ ಬ್ರೌಸರಿನ ಸ್ವಂತ ಕಲ್ಪನೆ.

ಕಲ್ಪನೆ ಮಾಡಲು ಎರಡು ದಾರಿ. ಒಂದು, ಮುಂದೇನಾಗಬಹುದೆಂದು ಊಹಿಸುವುದು. ಇದರ ಕಥೆ ಸ್ವಾರಸ್ಯವಾಗಿದೆ. 1980ರ ದಶಕದಲ್ಲಿ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ‘ಸಿಮ್‌ನೆಟ್’ ಎಂಬ ಜಾಲ ಕಟ್ಟಿಸಿತು. ಬೇರೆಬೇರೆ ಊರಿನ ಸೈನಿಕರು ಅಣಕು ಟ್ಯಾಂಕಿನೊಳಗೆ ಕೂತು ಒಂದೇ ರಣರಂಗದಲ್ಲಿ ಕಾದಾಡುವ ಏರ್ಪಾಡು. ಆ ಕಾಲದ ಸಣಕಲು ತಂತಿಗಳಲ್ಲಿ ಪ್ರತಿ ಟ್ಯಾಂಕಿನ ಸ್ಥಾನವನ್ನು ಕ್ಷಣಕ್ಷಣಕ್ಕೂ ಕಳಿಸುವಂತಿರಲಿಲ್ಲ. ಅದಕ್ಕೆ ಹಡಗಿನವರ ಹಳೆಯ ವಿದ್ಯೆಯನ್ನು ತಂದರು: ಈಗಿನ ಜಾಗ, ವೇಗ, ದಿಕ್ಕು ಗೊತ್ತಿದ್ದರೆ ಇನ್ನೊಂದು ಗಳಿಗೆಗೆ ಎಲ್ಲಿರುತ್ತೇವೆಂದು ಲೆಕ್ಕ ಹಾಕಬಹುದು. ನೋಡುವ ಯಂತ್ರಗಳೆಲ್ಲ ಹೀಗೆ ಟ್ಯಾಂಕನ್ನು ಊಹೆಯ ಮೇಲೆ ಓಡಿಸುತ್ತಿದ್ದವು. ಜಾಣತನ ಇರುವುದು ಮುಂದೆ. ಟ್ಯಾಂಕಿನ ಒಡೆಯನ ಯಂತ್ರವೂ ಅದೇ ಊಹೆಯನ್ನು ತನ್ನೊಳಗೆ ಓಡಿಸಿ, ತನ್ನ ನಿಜವಾದ ಜಾಗದೊಂದಿಗೆ ತಾಳೆ ನೋಡುತ್ತಿತ್ತು. ಮಿತಿ ಮೀರಿ ತಪ್ಪಿದಾಗ ಮಾತ್ರ, ‘ನಾನಿರುವುದು ಇಲ್ಲಿ, ತಿದ್ದಿಕೊಳ್ಳಿ’ ಎಂದು ಸುದ್ದಿ ಕಳಿಸುತ್ತಿತ್ತು. ಬೇರೆಯವರು ತನ್ನ ಬಗ್ಗೆ ಏನು ತಿಳಿದಿದ್ದಾರೆ ಎಂಬುದನ್ನು ತಾನೇ ಲೆಕ್ಕ ಇಟ್ಟುಕೊಂಡು, ಅದು ತಪ್ಪಾದಾಗ ಮಾತ್ರ ಬಾಯಿಬಿಡುವುದು. ಕಂಪ್ಯೂಟರ್ ಜಾಲದಲ್ಲಿ ನಾನು ಕಂಡ ಅತಿ ಚೆಂದದ ಯೋಚನೆಗಳಲ್ಲಿ ಇದೂ ಒಂದು.

ಟ್ಯಾಂಕಿಗೆ ಇದು ಹೊಂದುತ್ತದೆ. ಹತ್ತಾರು ಟನ್ ತೂಕದ ಯಂತ್ರ ಥಟ್ಟನೆ ತಿರುಗಲಾರದು. ಮನುಷ್ಯನ ಕೈ ಹಾಗಲ್ಲ. ಬೀಸುತ್ತಿದ್ದ ಕೈ ಮರುಕ್ಷಣ ಕೆನ್ನೆ ಕೆರೆಯುತ್ತಿರುತ್ತದೆ. ಊಹಿಸಹೊರಟರೆ ಗೆಳೆಯನ ಕೈ ಮುಂದೆ ಹೋಗಿ, ತಪ್ಪೆಂದು ತಿಳಿದು ಸರಕ್ಕನೆ ಹಿಂದಕ್ಕೆ ನೆಗೆಯುತ್ತದೆ. ನೋಡುವವರಿಗೆ ಹಿಂಸೆ.

ಆದ್ದರಿಂದ ತಲೆ ಮತ್ತು ಕೈಗಳಿಗೆ ಎರಡನೆಯ ದಾರಿ ಹಿಡಿಯುತ್ತಾರೆ. ಬಂದ ಸುದ್ದಿಯನ್ನು ತಕ್ಷಣ ತೋರಿಸದೆ ಕೊಂಚ ತಡೆಹಿಡಿದು, ಇನ್ನೊಂದು ಸುದ್ದಿ ಬರುವವರೆಗೆ ಕಾಯುತ್ತಾರೆ. ಎರಡು ಬಿಂದು ಕೈಯಲ್ಲಿದ್ದರೆ ನಡುವಿನ ದಾರಿಯನ್ನು ನುಣುಪಾಗಿ ಎಳೆಯಬಹುದು. ಊಹೆಯ ಮಾತೇ ಇಲ್ಲ. ಬೆಲೆ ಏನೆಂದರೆ, ಸೆಕೆಂಡಿಗೆ 15ರ ಲೆಕ್ಕದಲ್ಲಿ ಎರಡು ಸುದ್ದಿಗಳ ನಡುವೆ ಸುಮಾರು 67 ಮಿಲಿಸೆಕೆಂಡ್ ಅಂತರವಿರುವುದರಿಂದ ಕನಿಷ್ಠ ಅಷ್ಟು ಹಳೆಯ ಗೆಳೆಯನನ್ನೇ ನೀವು ನೋಡುತ್ತಿರುತ್ತೀರಿ. ಬೇಕೆಂದೇ ಮಾಡಿಕೊಂಡ ತಡ ಇದು. ಕಣ್ಣು ಹಳೆಯದನ್ನು ಸಹಿಸುತ್ತದೆ, ಕುಪ್ಪಳಿಸುವುದನ್ನು ಸಹಿಸುವುದಿಲ್ಲ.

ನಿಮ್ಮ ಸ್ವಂತ ತಲೆಗೆ ಮಾತ್ರ ಈ ರಿಯಾಯಿತಿ ಇಲ್ಲ. ಕತ್ತು ತಿರುಗಿಸಿದ 20 ಮಿಲಿಸೆಕೆಂಡಿನೊಳಗೆ ದೃಶ್ಯ ತಿರುಗದಿದ್ದರೆ ಹೊಟ್ಟೆ ತೊಳಸತೊಡಗುತ್ತದೆ. ಆದ್ದರಿಂದ ನಿಮ್ಮ ಚಲನೆ ಜಾಲದ ಅಪ್ಪಣೆಗೆ ಕಾಯುವುದೇ ಇಲ್ಲ. ನಿಮ್ಮ ಪ್ರತಿಯಲ್ಲಿ ನೀವು ಈಗಲೇ ತಿರುಗಿರುತ್ತೀರಿ, ಬೇರೆಯವರ ಪ್ರತಿಯಲ್ಲಿ ಆಮೇಲೆ ತಿರುಗುತ್ತೀರಿ. ಪ್ರತಿಯೊಬ್ಬರೂ ತಮ್ಮ ಮಟ್ಟಿಗೆ ವರ್ತಮಾನದಲ್ಲಿದ್ದಾರೆ, ಸುತ್ತಲಿನವರೆಲ್ಲ ಒಂದಿಷ್ಟು ಭೂತಕಾಲದಲ್ಲಿ.

*

ಎಷ್ಟು ಭೂತಕಾಲ? ಅದು ದೂರವನ್ನು ಅವಲಂಬಿಸಿದೆ, ಅಲ್ಲಿ ಯಾವ ಎಂಜಿನಿಯರನ ಜಾಣ್ಮೆಯೂ ನಡೆಯುವುದಿಲ್ಲ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಭೂಗೋಳದ ಮೇಲೆ ಹತ್ತಿರದ ದಾರಿಯೇ ಸುಮಾರು 14,000 ಕಿಲೋಮೀಟರ್. ನೇರ ಎಳೆ ಇದ್ದರೂ ಒಂದು ದಿಕ್ಕಿಗೆ 70 ಮಿಲಿಸೆಕೆಂಡ್ ಬೇಕು. ಸಮುದ್ರದಡಿಯ ಕೇಬಲ್ಲುಗಳು ನೇರ ಹೋಗುವುದಿಲ್ಲ, ದಾರಿಯಲ್ಲಿ ಹತ್ತಾರು ರೌಟರುಗಳಿವೆ. ಹೋಗಿಬರಲು 200 ಮಿಲಿಸೆಕೆಂಡಿಗಿಂತ ಹೆಚ್ಚು ಹಿಡಿಯುವುದು ಮಾಮೂಲು. ಇದಕ್ಕೆ ಕಳಿಸುವ ಮುನ್ನ ಕಾಯುವ ಹೊತ್ತು, ಬಂದ ಮೇಲೆ ತಡೆಹಿಡಿಯುವ ಹೊತ್ತು ಸೇರಿಸಿ. ಕ್ಯಾಲಿಫೋರ್ನಿಯಾದ ಅಣ್ಣ ಕೈ ಬೀಸಿ ಕಾಲು ಸೆಕೆಂಡ್ ಆದ ಮೇಲೆ ಬೆಂಗಳೂರಿನ ತಂಗಿಗೆ ಅದು ಕಾಣುತ್ತದೆ. ಮಾತಿಗೆ ದಾರಿಯ ತಡ ಅಷ್ಟು ಬಾಧಿಸದು. ಒಂದು ದಿಕ್ಕಿನ ತಡ 150 ಮಿಲಿಸೆಕೆಂಡಿನೊಳಗಿದ್ದರೆ ಸಂಭಾಷಣೆ ಸರಾಗ ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಹಳೆಯ ಅಳತೆ. ಜೊತೆಗೂಡಿ ಹಾಡಲು ಹೊರಟರೆ ಬಣ್ಣ ಬಯಲಾಗುತ್ತದೆ. ಸಂಗೀತಗಾರರಿಗೆ ಸುಮಾರು 25–30 ಮಿಲಿಸೆಕೆಂಡ್ ದಾಟಿದರೆ ತಾಳ ಜಾರುತ್ತದೆ. ಒಬ್ಬರು ಇನ್ನೊಬ್ಬರಿಗಾಗಿ ಕಾಯುತ್ತಾ ಭಜನೆ ನಿಧಾನವಾಗಿ, ಕೊನೆಗೆ ನಿಂತೇಹೋಗುತ್ತದೆ.

ದೂರದ ಜೊತೆಗೆ ದಾರಿಯ ಸ್ವಭಾವವೂ ಮುಖ್ಯ. ಬ್ರೌಸರಿನಲ್ಲಿ ಎರಡು ಕಡೆಗೂ ಸುದ್ದಿ ಹರಿಸುವ ಸುಲಭದ ಕೊಳವೆ ವೆಬ್‌ಸಾಕೆಟ್. ಅದು ನಿಂತಿರುವುದು ಟಿಸಿಪಿ ಎಂಬ ಹಳೆಯ, ಬಲು ಪ್ರಾಮಾಣಿಕ ನಿಯಮದ ಮೇಲೆ: ಕಳಿಸಿದ್ದೆಲ್ಲವೂ ಮುಟ್ಟಬೇಕು, ಕಳಿಸಿದ ಕ್ರಮದಲ್ಲೇ ಮುಟ್ಟಬೇಕು. ನ್ಯಾಯಬೆಲೆ ಅಂಗಡಿಯ ಸಾಲನ್ನು ನೆನೆಸಿಕೊಳ್ಳಿ. ಮುಂದಿನ ಅಜ್ಜನ ಹೆಬ್ಬೆರಳಿನ ಗುರುತನ್ನು ಯಂತ್ರ ಒಪ್ಪದಿದ್ದರೆ ಹಿಂದಿನ ನಲವತ್ತು ಜನರೂ ಚೀಲ ಹಿಡಿದು ನಿಲ್ಲಬೇಕು, ಅವರ ಬೆರಳಲ್ಲಿ ಯಾವ ದೋಷವೂ ಇಲ್ಲದಿದ್ದರೂ. ಹಾಗೆಯೇ ಒಂದು ಪೊಟ್ಟಣ ದಾರಿಯಲ್ಲಿ ಕಳೆದರೆ, ಅದನ್ನು ಮತ್ತೆ ತರಿಸಿಕೊಳ್ಳುವವರೆಗೆ ಹಿಂದೆ ಬಂದ ತಾಜಾ ಸುದ್ದಿಗಳನ್ನೆಲ್ಲ ಟಿಸಿಪಿ ತಡೆದಿಡುತ್ತದೆ. ಬ್ಯಾಂಕಿನ ವ್ಯವಹಾರಕ್ಕೆ ಇದು ಬೇಕೇಬೇಕು. ಆದರೆ ಗೆಳೆಯನ ಕೈ ಅರ್ಧ ಸೆಕೆಂಡಿನ ಹಿಂದೆ ಎಲ್ಲಿತ್ತೆಂಬುದನ್ನು ಕಟ್ಟಿಕೊಂಡು ಏನು ಪ್ರಯೋಜನ? ಹೊಸ ಸುದ್ದಿ ಬಂದಿದ್ದರೆ ಹಳೆಯದು ಕಸ.

ಇದಕ್ಕೆ ಪರಿಹಾರವಾಗಿ ಒದಗಿದ್ದು 2011ರಲ್ಲಿ ಗೂಗಲ್ ಮುಕ್ತಗೊಳಿಸಿದ ವೆಬ್‌ಆರ್‌ಟಿಸಿ. ವಿಡಿಯೊ ಕರೆಗೆಂದು ಹುಟ್ಟಿದ್ದು. ಅದರಲ್ಲಿರುವ ದತ್ತಾಂಶ ಕಾಲುವೆಗೆ ‘ಕ್ರಮ ಬೇಡ, ಕಳೆದದ್ದನ್ನು ಮತ್ತೆ ಕಳಿಸುವುದೂ ಬೇಡ’ ಎಂದು ಹೇಳಬಹುದು. ಕೈಕಾಲಿನ ಚಲನೆಗೆ ಇದೇ ಸರಿ. ಯಾರು ಬಂದರು, ಯಾರು ಹೋದರು, ಚೆಂಡು ಯಾರ ಕೈಗೆ ಹೋಯಿತು ಎಂಬಂಥ ಕಳೆಯಬಾರದ ಸುದ್ದಿಗೆ ಹಳೆಯ ಪ್ರಾಮಾಣಿಕ ದಾರಿಯೇ ವಾಸಿ. ಎರಡನ್ನೂ ಬೇರ್ಪಡಿಸದೆ ಎಲ್ಲವನ್ನೂ ಒಂದೇ ಕೊಳವೆಯಲ್ಲಿ ತುರುಕಿದ ಕೋಣೆಗಳು ಸಿಗ್ನಲ್ ದುರ್ಬಲವಾದ ಕೂಡಲೇ ತಡವರಿಸುತ್ತವೆ.

ವೆಬ್‌ಆರ್‌ಟಿಸಿ ಇಬ್ಬರನ್ನು ನೇರವಾಗಿ ಜೋಡಿಸಬಲ್ಲದು, ಜೋಡಿಸಲು ಇಬ್ಬರಿಗೂ ವಿಳಾಸವಿದ್ದರೆ. ಐಪಿವಿ4 ಪದ್ಧತಿಯಲ್ಲಿ ಇರುವ ವಿಳಾಸಗಳೇ ಸುಮಾರು 430 ಕೋಟಿ, ಸಾಧನಗಳೋ ಅದಕ್ಕಿಂತ ಹೆಚ್ಚು. ಆದ್ದರಿಂದ ಮನೆಯ ರೌಟರ್ ಇಡೀ ಮನೆಯನ್ನೂ, ಮೊಬೈಲ್ ಕಂಪನಿ ಲೆಕ್ಕವಿಲ್ಲದಷ್ಟು ಗ್ರಾಹಕರನ್ನೂ ಒಂದೊಂದು ಸಾರ್ವಜನಿಕ ವಿಳಾಸದ ಹಿಂದೆ ಕೂರಿಸಿರುತ್ತವೆ. ಹೊರಗಿನಿಂದ ನಾನು ಯಾವ ವಿಳಾಸದಲ್ಲಿ ಕಾಣುತ್ತೇನೆ ಎಂದು ಬ್ರೌಸರ್ ಮೊದಲು ‘ಸ್ಟನ್’ ಸರ್ವರನ್ನು ಕೇಳುತ್ತದೆ. ಉತ್ತರ ಸಿಕ್ಕರೆ ಎರಡೂ ಕಡೆಯಿಂದ ಒಟ್ಟಿಗೆ ಬಾಗಿಲು ತಟ್ಟಿ ದಾರಿ ಮಾಡಿಕೊಳ್ಳುತ್ತವೆ. ಎಷ್ಟೋ ಸಲ ಇದು ಫಲಿಸುತ್ತದೆ. ಫಲಿಸದಿದ್ದಾಗ ಎಲ್ಲ ಸುದ್ದಿಯನ್ನೂ ‘ಟರ್ನ್’ ಎಂಬ ನಡುವಿನ ಸರ್ವರ್ ಹೊತ್ತು ಸಾಗಿಸಬೇಕು, ಅದರ ಬಿಲ್ ಕೋಣೆ ತೆರೆದವರಿಗೆ. ನಮ್ಮಲ್ಲಿ ಬಹುಪಾಲು ಜನ ಮೊಬೈಲ್ ಡೇಟಾದಲ್ಲೇ ಇರುವುದರಿಂದ ಟರ್ನ್ ಇಲ್ಲದೆ ಕೋಣೆ ತೆರೆಯುವುದು ದುಡುಕು.

*

ಈಗ ಆ ಇಪ್ಪತ್ತೈದರ ಲೆಕ್ಕಕ್ಕೆ ಬರೋಣ. ಎಲ್ಲರೂ ಎಲ್ಲರೊಂದಿಗೂ ನೇರವಾಗಿ ಜೋಡಿಸಿಕೊಂಡರೆ ಇಬ್ಬರಿಗೆ ಒಂದು ಎಳೆ, ಐವರಿಗೆ ಹತ್ತು, ಹತ್ತು ಜನಕ್ಕೆ 45, ಇಪ್ಪತ್ತೈದಕ್ಕೆ 300. ಜನ ದುಪ್ಪಟ್ಟಾದರೆ ಎಳೆಗಳು ಸುಮಾರು ನಾಲ್ಕು ಪಟ್ಟು. ಚಲನೆಯ ಸುದ್ದಿ ಹಗುರ: 84 ಬೈಟ್, ಸೆಕೆಂಡಿಗೆ 15 ಸಲ, ಒಬ್ಬರಿಗೆ 1,260 ಬೈಟ್. ಭಾರ ಇರುವುದು ದನಿಯಲ್ಲಿ. ಬ್ರೌಸರುಗಳು ಬಳಸುವ ಓಪಸ್ ಪದ್ಧತಿಯಲ್ಲಿ ಸೆಕೆಂಡಿಗೆ 32 ಕಿಲೋಬಿಟ್ ಎಂದಿಟ್ಟುಕೊಂಡರೆ ಒಬ್ಬರ ಮಾತಿಗೆ 4,000 ಬೈಟ್, ದೇಹದ ಮೂರು ಪಟ್ಟು. ನೇರ ಜೋಡಣೆಯಲ್ಲಿ ನಿಮ್ಮ ದನಿಯನ್ನು 24 ಜನರಿಗೆ 24 ಸಲ ಬೇರೆಬೇರೆಯಾಗಿ ಕಳಿಸಬೇಕು. ಮನೆಯ ಸಂಪರ್ಕಗಳಲ್ಲಿ ಇಳಿಸುವ ವೇಗಕ್ಕಿಂತ ಏರಿಸುವ ವೇಗ ಸಾಮಾನ್ಯವಾಗಿ ಕಡಿಮೆ, ಫೋನಿನ ಬ್ಯಾಟರಿಯೂ ಬಿಸಿಯಾಗುತ್ತದೆ. ಆರೆಂಟು ಜನ ಆಗುವಷ್ಟರಲ್ಲೇ ನೇರ ಜೋಡಣೆ ಏದುಸಿರು ಬಿಡುತ್ತದೆ.

ಆದ್ದರಿಂದ ನಡುವೆ ಒಂದು ಸರ್ವರ್ ಕೂರಿಸುತ್ತಾರೆ. ನೀವು ದನಿಯನ್ನು ಒಂದೇ ಸಲ ಅದಕ್ಕೆ ಕೊಡುತ್ತೀರಿ; ಬಿಚ್ಚಿ ನೋಡದೆ, ಬೆರೆಸದೆ, ಬಂದ ಪೊಟ್ಟಣವನ್ನು ಉಳಿದ 24 ಜನರಿಗೆ ಹಂಚುವುದಷ್ಟೇ ಅದರ ಕೆಲಸ. ಹಬ್ಸ್ ಮಾಡಿದ್ದೂ ಇದನ್ನೇ. ದನಿಗಳನ್ನು ಸರ್ವರಿನಲ್ಲೇ ಕಲಸಿ ಒಂದೇ ದನಿಯಾಗಿ ಕಳಿಸಬಾರದೇ ಎಂದು ಕೇಳಬಹುದು. ಕಳಿಸಿದರೆ ಯಾರ ಮಾತು ಎಡಗಡೆಯಿಂದ, ಯಾರದು ಹಿಂದಿನಿಂದ ಎಂಬುದು ಅಳಿಸಿಹೋಗುತ್ತದೆ. ಒಂದೊಂದು ದನಿಯೂ ಬಿಡಿಯಾಗಿ ಬಂದರೆ ಮಾತ್ರ ನಿಮ್ಮ ಬ್ರೌಸರ್ ಅದನ್ನು ಆಯಾ ಗೊಂಬೆಯ ಬಾಯಿಯಿಂದ ಹೊರಡಿಸಬಲ್ಲದು. ಸಭೆಯ ವಿಡಿಯೊ ಕರೆಯಲ್ಲಿ ಇಬ್ಬರು ಒಟ್ಟಿಗೆ ಮಾತಾಡಿದರೆ ಗದ್ದಲ. ಇಲ್ಲಿ ನಾಲ್ಕು ಕಡೆ ನಾಲ್ಕು ಗುಂಪು ಹರಟಬಹುದು, ಕಿವಿ ತನಗೆ ಬೇಕಾದ್ದನ್ನು ಆರಿಸಿಕೊಳ್ಳುತ್ತದೆ. ನನ್ನನ್ನು ಕೇಳಿದರೆ ಈ ಕೋಣೆಗಳ ನಿಜವಾದ ಸಾಧನೆ ಕಣ್ಣಿನದಲ್ಲ, ಕಿವಿಯದು.

ಸರ್ವರ್ ಬಂದರೂ ಕೊನೆಯ ಗೋಡೆ ಉಳಿಯಿತು: ನಿಮ್ಮ ಕೈಯಲ್ಲಿರುವ ಸಾಧನ. 24 ಜನರಿಂದ ಸೆಕೆಂಡಿಗೆ 15ರಂತೆ 360 ಸುದ್ದಿ ಬರುತ್ತವೆ. ಬ್ರೌಸರಿನಲ್ಲಿ ಜಾವಾಸ್ಕ್ರಿಪ್ಟಿನ ಮುಖ್ಯ ಕೆಲಸವೆಲ್ಲ ಒಂದೇ ಸಾಲಿನಲ್ಲಿ ನಡೆಯಬೇಕು. ಸೆಕೆಂಡಿಗೆ 90 ಚಿತ್ರವೆಂದರೆ ಒಂದೊಂದಕ್ಕೆ ಸಿಗುವುದು 11 ಮಿಲಿಸೆಕೆಂಡ್. ಅಷ್ಟರೊಳಗೆ ಸುದ್ದಿ ಬಿಚ್ಚಬೇಕು, 24 ತಲೆ 48 ಕೈಗಳನ್ನು ಸರಿಸಬೇಕು, ಇಪ್ಪತ್ನಾಲ್ಕು ದನಿಗಳ ದಿಕ್ಕು ಲೆಕ್ಕ ಹಾಕಬೇಕು, ಎರಡೂ ಕಣ್ಣಿಗೆ ಚಿತ್ರ ಬಿಡಿಸಬೇಕು. ಕೋಣೆಯ ಮಿತಿಯನ್ನು ನಿರ್ಧರಿಸುವುದು ಅಲ್ಲಿರುವ ಅತಿ ಬಡ ಫೋನು. ಕೋಟಿಗಟ್ಟಲೆ ಜನ ಆಡುವ ಬಿಜಿಎಂಐಯಂಥ ಆಟದಲ್ಲೂ ಒಂದು ಪಂದ್ಯಕ್ಕೆ ನೂರೇ ಜನ ಎಂಬುದನ್ನು ಗಮನಿಸಿ.

*

ಇಷ್ಟರವರೆಗೆ ಪ್ರತಿಯೊಬ್ಬರೂ ತಮ್ಮ ದೇಹಕ್ಕೆ ತಾವೇ ಒಡೆಯರು, ಜಗಳವಿಲ್ಲ. ಕೋಣೆಯ ನಡುವೆ ಒಂದು ಚೆಂಡು ಇಡಿ, ಆಗ ನೋಡಿ. ಅಣ್ಣ ತಂಗಿ ಇಬ್ಬರೂ ಒಟ್ಟಿಗೆ ಕೈ ಹಾಕುತ್ತಾರೆ. ಅವಳ ಕೋಣೆಯಲ್ಲಿ ಚೆಂಡು ಅವಳ ಕೈಯಲ್ಲಿದೆ, ಅವನ ಕೋಣೆಯಲ್ಲಿ ಅವನ ಕೈಯಲ್ಲಿ.

“ಅಣ್ಣಾ, ಬಿಡೋ, ನಾನು ಮೊದ್ಲು ಹಿಡ್ದಿದ್ದು!”

“ಏನೇ ಹೇಳ್ತೀಯ, ಚೆಂಡು ನನ್ ಕೈಲೇ ಇದೆಯಲ್ಲೇ.”

ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಗೆಲುವುಸೋಲಿನ ಆಟಗಳಲ್ಲಿ ಸರ್ವರ್ ತೀರ್ಪುಗಾರನಾಗಿ ಇದನ್ನು ಬಗೆಹರಿಸುತ್ತದೆ. ನೆಟ್‌ವರ್ಕ್ಡ್ ಎ-ಫ್ರೇಮಿನಲ್ಲಿ ತೀರ್ಪುಗಾರನಿಲ್ಲ, ಒಡೆತನದ ನಿಯಮವಿದೆ. ಪ್ರತಿ ವಸ್ತುವಿಗೂ ಒಂದು ಹೊತ್ತಿಗೆ ಒಬ್ಬ ಒಡೆಯ. ಅವನು ಹೇಳಿದ ಜಾಗವೇ ಅದರ ಜಾಗ. ಯಾರು ಬೇಕಾದರೂ ಒಡೆತನ ತೆಗೆದುಕೊಳ್ಳಬಹುದು, ತೆಗೆದುಕೊಂಡ ಹೊತ್ತನ್ನು ಸುದ್ದಿಯ ಜೊತೆ ಕಳಿಸಬೇಕು. ಇಬ್ಬರು ಪೈಪೋಟಿಗೆ ಬಿದ್ದರೆ ಯಾರ ಹೊತ್ತು ಈಚಿನದೋ ಅವರದೇ ಚೆಂಡು. ಎರಡೂ ಒಂದೇ ಮಿಲಿಸೆಕೆಂಡ್ ತೋರಿದರೆ? ಕೋಣೆಗೆ ಬಂದಾಗ ಅವರವರಿಗೆ ಸಿಕ್ಕ ಗುರುತಿನ ಅಕ್ಷರಗಳನ್ನು ನಿಘಂಟಿನ ಕ್ರಮದಲ್ಲಿ ಹೋಲಿಸಿ ತೀರ್ಮಾನ. ಇದರಲ್ಲಿ ನ್ಯಾಯವೇನೂ ಇಲ್ಲ. ಆದರೆ ಎಲ್ಲ ಯಂತ್ರಗಳೂ ಒಬ್ಬರನ್ನೊಬ್ಬರು ಕೇಳದೆಯೇ ಒಂದೇ ಉತ್ತರಕ್ಕೆ ಬರುತ್ತವೆ, ಬೇಕಾದದ್ದು ಅಷ್ಟೇ. ಸೋತವರ ಕೈಯಿಂದ ಚೆಂಡು ಕಾಲು ಸೆಕೆಂಡಿನ ನಂತರ ಜಾರಿ ಹೋಗುತ್ತದೆ.

ಹೊತ್ತಿನ ಮೇಲೆ ತೀರ್ಪು ನಿಂತಿದೆಯೆಂದರೆ ಗಡಿಯಾರಗಳು ಹೊಂದಬೇಕು. ನಿಮ್ಮ ಫೋನಿನ ಗಡಿಯಾರ ಎರಡು ಸೆಕೆಂಡ್ ಮುಂದಿದ್ದರೆ ಚೆಂಡು ಯಾವಾಗಲೂ ನಿಮ್ಮದೇ ಆಗಿಬಿಡುತ್ತದೆ. ಇದಕ್ಕೆ ಈ ತಂತ್ರಾಂಶ ಮಾಡುವ ಉಪಾಯ ನೋಡಿದರೆ ನಗು ಬರುತ್ತದೆ, ಮೆಚ್ಚುಗೆಯೂ ಆಗುತ್ತದೆ. ಪ್ರತಿ ವೆಬ್ ಸರ್ವರೂ ತನ್ನ ಉತ್ತರದ ತಲೆಬರಹದಲ್ಲಿ ದಿನಾಂಕ, ಸಮಯ ಬರೆದಿರುತ್ತದೆ. ನಾವ್ಯಾರೂ ಅದನ್ನು ನೋಡುವುದಿಲ್ಲ. ಈ ತಂತ್ರಾಂಶ ಸರ್ವರಿಗೆ ಸುಮ್ಮನೊಂದು ಕೋರಿಕೆ ಕಳಿಸಿ ಆ ಸಮಯವನ್ನು ಓದಿಕೊಳ್ಳುತ್ತದೆ. ಹೋಗಿಬರಲು ಹಿಡಿದ ಹೊತ್ತಿನಲ್ಲಿ ಅರ್ಧವನ್ನು ಪ್ರಯಾಣದ ಬಾಬ್ತೆಂದು ಲೆಕ್ಕಕ್ಕೆ ಹಿಡಿಯುತ್ತದೆ. ಆದರೆ ತಲೆಬರಹದಲ್ಲಿರುವುದು ಪೂರ್ಣ ಸೆಕೆಂಡ್ ಮಾತ್ರ, ಮಿಲಿಸೆಕೆಂಡ್ ಇಲ್ಲ. ನಿಜವಾದ ಸಮಯ ಆ ಸೆಕೆಂಡಿನ ಒಳಗೆ ಎಲ್ಲಿಯೂ ಇರಬಹುದು, ಆದ್ದರಿಂದ ನಡುವಿನ 500 ಮಿಲಿಸೆಕೆಂಡ್ ಕೂಡಿಸುತ್ತದೆ. ಇದನ್ನೇ ಹತ್ತು ಸಲ ಮಾಡಿ ಸರಾಸರಿ ತೆಗೆಯುತ್ತದೆ, ಆಮೇಲೆ ಐದು ನಿಮಿಷಕ್ಕೊಮ್ಮೆ ಮತ್ತೆ ಕೇಳುತ್ತದೆ. ಖಗೋಳಶಾಸ್ತ್ರಜ್ಞರು ಮೂಗು ಮುರಿಯಬಹುದು, ಚೆಂಡಾಟಕ್ಕೆ ಸಾಕು.

ತಡವಾಗಿ ಬಂದವರಿಗೆ ಈವರೆಗೆ ನಡೆದದ್ದು ಏನೂ ಗೊತ್ತಿರುವುದಿಲ್ಲ, ಬದಲಾದದ್ದನ್ನಷ್ಟೇ ಕಳಿಸುವ ಮಿತವ್ಯಯ ಅಲ್ಲಿ ನಡೆಯದು. ಪ್ರತಿಯೊಬ್ಬರೂ ತಮ್ಮ ಒಡೆತನದ ವಸ್ತುಗಳ ಪೂರ್ತಿ ವಿವರವನ್ನು ಹೊಸಬರಿಗೆ ಒಪ್ಪಿಸಬೇಕು. ಹೋದವರ ಗೊಂಬೆ ಮಾಯವಾಗುತ್ತದೆ. ಅವರ ಕೈಲಿದ್ದ ಚೆಂಡೂ ಮಾಯವಾಗಬಾರದೆಂದರೆ ‘ಇದು ಉಳಿಯತಕ್ಕದ್ದು’ ಎಂದು ಮೊದಲೇ ಗುರುತು ಹಾಕಿರಬೇಕು, ಆಗ ಉಳಿದವರಲ್ಲಿ ಒಬ್ಬರು ಒಡೆಯರಾಗುತ್ತಾರೆ.

*

ತೀರ್ಪುಗಾರನಿಲ್ಲದ ಕೋಣೆ ಸಜ್ಜನರ ಕೋಣೆ. ದುರುಳನೊಬ್ಬ ಕೋಡ್ ತಿದ್ದಿ ನಿಮ್ಮ ಮೈಮೇಲೆ ಬಂದು ನಿಲ್ಲಬಹುದು, ಎಲ್ಲರ ಚೆಂಡು ಕಸಿಯಬಹುದು. ವಿಆರ್ ಕೋಣೆಗಳಲ್ಲಿ ಮಹಿಳೆಯರಿಗೆ ಕಿರುಕುಳವಾದ ದೂರುಗಳು ಬಂದ ಮೇಲೆ ಮೆಟಾ ಕಂಪನಿ 2022ರಲ್ಲಿ ಗೊಂಬೆಗಳ ನಡುವೆ ಸುಮಾರು ನಾಲ್ಕು ಅಡಿ ಅಂತರದ ಅದೃಶ್ಯ ಬೇಲಿ ಹಾಕಿತು. ದೇಹ ಬರೀ 84 ಬೈಟ್ ಆದರೂ ಅದಕ್ಕೆ ಮುಜುಗರ ಆಗುತ್ತದೆ.

ಆ 84 ಬೈಟುಗಳ ಬಗ್ಗೆ ಇನ್ನೊಂದು ಮಾತು. 2023ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಮತ್ತು ಅವರ ಸಂಗಡಿಗರು ‘ಬೀಟ್ ಸೇಬರ್’ ಎಂಬ ವಿಆರ್ ಆಟವಾಡಿದ 50,000ಕ್ಕೂ ಹೆಚ್ಚು ಜನರ ತಲೆ ಮತ್ತು ಕೈಗಳ ಚಲನೆಯನ್ನು ಪರಿಶೀಲಿಸಿದರು. 100 ಸೆಕೆಂಡಿನ ಚಲನೆ ಕೊಟ್ಟರೆ ಅಷ್ಟು ಜನರ ನಡುವೆ ಇವರು ಇಂಥವರೇ ಎಂದು ಗಣಕ ಶೇಕಡ 94ರಷ್ಟು ಸಲ ಸರಿಯಾಗಿ ಗುರುತಿಸಿತು. ಮುಖವಿಲ್ಲ, ದನಿಯಿಲ್ಲ, ಹೆಸರಿಲ್ಲ. ಗೊಂಬೆಯ ವೇಷ ಹಾಕಿದರೂ ಕೈ ಬೀಸುವ ರೀತಿ ನಮ್ಮದೇ. ಕೋಣೆ ನಡೆಯಬೇಕಾದರೆ ಈ ಸಂಖ್ಯೆಗಳನ್ನು ಕಳಿಸದೆ ವಿಧಿಯಿಲ್ಲ. ಆದರೆ ಬಂದ ಸಂಖ್ಯೆಯನ್ನು ಬಳಸಿ ಬಿಸಾಡದೆ ಕಡತದಲ್ಲಿ ಕೂಡಿಡಲು ಯಾವ ತಾಂತ್ರಿಕ ಕಾರಣವೂ ಇಲ್ಲ. ಕೂಡಿಡುವವರಿದ್ದರೆ ಅವರ ಉದ್ದೇಶ ಬೇರೆ ಎಂದೇ ತಿಳಿಯಬೇಕು.

ಹಬ್ಸ್ ನಡೆಸುವುದನ್ನು ಮೊಜಿಲ್ಲಾ 2024ರ ಮೇ 31ಕ್ಕೆ ನಿಲ್ಲಿಸಿತು. ಕೋಡ್ ಮುಕ್ತವಾಗಿದ್ದರಿಂದ ಅದು ಸಾಯಲಿಲ್ಲ, ಹಬ್ಸ್ ಫೌಂಡೇಶನ್ ಎಂಬ ಹೆಸರಿನಲ್ಲಿ ಆಸಕ್ತರು ಮುಂದುವರಿಸಿಕೊಂಡು ಬಂದಿದ್ದಾರೆ. ಬೇಕೆಂದವರು ತಮ್ಮದೇ ಸರ್ವರಿನಲ್ಲಿ ಕೋಣೆ ತೆರೆಯಬಹುದು. ಸಣ್ಣದಾಗಿ ಶುರುಮಾಡುವವರಿಗೆ ಎ-ಫ್ರೇಮ್, ನೆಟ್‌ವರ್ಕ್ಡ್ ಎ-ಫ್ರೇಮ್ ಮತ್ತು ಎಚ್‌ಟಿಟಿಪಿಎಸ್ ಇರುವ ಒಂದು ವಿಳಾಸ ಸಾಕು. ಎಚ್‌ಟಿಟಿಪಿಎಸ್ ಇಲ್ಲದಿದ್ದರೆ ಬ್ರೌಸರ್ ಮೈಕನ್ನೂ ಕೊಡುವುದಿಲ್ಲ, ಹೆಡ್‌ಸೆಟ್ಟನ್ನೂ ಮುಟ್ಟಗೊಡುವುದಿಲ್ಲ. ಕಟ್ಟಿ ಮುಗಿದ ಮೇಲೆ ಒಂದೇ ಮನೆಯ ವೈಫೈಯಲ್ಲಿ ಎರಡು ಲ್ಯಾಪ್‌ಟಾಪ್ ಇಟ್ಟು ನೋಡಿ ಹಿಗ್ಗಬೇಡಿ. ಅಲ್ಲಿ ಮೇಲೆ ಹೇಳಿದ ತೊಂದರೆಗಳಲ್ಲಿ ಹೆಚ್ಚಿನವು ತಲೆಯೆತ್ತುವುದೇ ಇಲ್ಲ. ಇನ್ನೊಂದು ಊರಿನಲ್ಲಿ, ಅಗ್ಗದ ಫೋನಿನಲ್ಲಿ, ಮೊಬೈಲ್ ಡೇಟಾ ಹಾಕಿಕೊಂಡ ಯಾರನ್ನಾದರೂ ಒಳಗೆ ಕರೆದು ಚೆಂಡು ಎಸೆಯಿರಿ.